ಫೋಮ್ ಹಾಸಿಗೆಗೆ ಎಲಾಸ್ಟಿಕ್ ಗವಸು ಹೊಲಿದರೆ ಮೂಲೆ ಕಿತ್ತು ಬರುತ್ತಿದೆ, ಅಳತೆ ಎಲ್ಲಿ ತಪ್ಪಿದೆ?

ಹೊಸಸೂಜಿ:

ಫೋಮ್ ಹಾಸಿಗೆ, ಉದ್ದ 78 ಇಂಚು, ಅಗಲ 60, ದಪ್ಪ 6. ಬೆಡ್‌ಶೀಟ್ ಬೆಳಗಾಗುವಷ್ಟರಲ್ಲಿ ಮುದುಡಿಕೊಳ್ಳುತ್ತದೆ ಎಂದು ಎಲಾಸ್ಟಿಕ್ ಗವಸು ಹೊಲಿದೆ. 90 ಪನ್ನದ (ಅಂದರೆ 90 ಇಂಚು ಅಗಲದ) ಕಾಟನ್ ಪಾಪ್ಲಿನ್ 2.5 ಮೀಟರ್ ತಂದು, ಒಗೆಯದೆ ಹಾಗೆಯೇ 98 × 80 ಇಂಚಿಗೆ ಕತ್ತರಿಸಿದೆ. ನಾಲ್ಕು ಮೂಲೆಯಲ್ಲೂ 10 × 10 ಇಂಚಿನ ಚೌಕ ತೆಗೆದು, ಅರ್ಧ ಇಂಚು ಬಿಟ್ಟು ಮೂಲೆ ಕೂಡಿಸಿ, ಸುತ್ತ 1 ಇಂಚು ಮಡಿಸಿ ಹೊಲಿದೆ. ಪ್ರತಿ ಮೂಲೆಗೆ 12 ಇಂಚು ಎಲಾಸ್ಟಿಕ್ ಹಾಕಿದ್ದೇನೆ.

ಹೊಸದರಲ್ಲಿ ಎಳೆದೆಳೆದು ಹಾಕಿದರೆ ಹೇಗೋ ಕೂರುತ್ತಿತ್ತು. ಒಮ್ಮೆ ಒಗೆದ ಮೇಲೆ ಮೂರು ಮೂಲೆ ಸಿಕ್ಕಿಸಿದರೆ ನಾಲ್ಕನೆಯದು ಕಿತ್ತು ಬರುತ್ತದೆ. ಉದ್ದದಲ್ಲಿ 4 ಇಂಚು ಕಡಿಮೆಯಾಗಿದೆ, ಅಗಲದಲ್ಲಿ ಒಂದು ಒಂದೂವರೆ. ಇನ್ನೊಂದು ಹೊಲಿಯುವ ಮೊದಲು ಸರಿಯಾದ ಲೆಕ್ಕ ತಿಳಿಯಬೇಕಿತ್ತು. ಮನೆಯಲ್ಲಿರುವುದು ನೇರ ಹೊಲಿಗೆ ಮಾತ್ರ ಬರುವ ಪೆಡಲ್ ಮಷಿನ್. ಝಿಗ್‌ಝ್ಯಾಗ್ ಇಲ್ಲ.

ದಾರದುಂಡೆ:

ನಿಮ್ಮ ಗವಸು ಒಗೆಯುವ ಮೊದಲೇ 1 ಇಂಚು ಗಿಡ್ಡ ಇತ್ತು. ಲೆಕ್ಕ ಹಾಕಿ ನೋಡಿ. 98 ಇಂಚಿನಲ್ಲಿ ಎರಡೂ ಕಡೆಯ ಚೌಕ 20 ಇಂಚು ಹೋಯಿತು, ಉಳಿದದ್ದು 78. ಹಾಸಿಗೆಯೂ 78, ಸರಿಹೋಯಿತು ಅನ್ನಿಸುತ್ತದೆ. ಆದರೆ ಮೂಲೆ ಕೂಡಿಸುವಾಗ ಎರಡೂ ತುದಿಯಲ್ಲಿ ಅರ್ಧರ್ಧ ಇಂಚು ಹೊಲಿಗೆಯೊಳಗೆ ಹೋಗುತ್ತದೆ. ಮೇಲ್ಭಾಗಕ್ಕೆ ಸಿಕ್ಕಿದ್ದು 77 ಮಾತ್ರ. ಅಗಲದಲ್ಲೂ ಹೀಗೆಯೇ 60ರ ಬದಲು 59. ಆಮೇಲೆ ಬಟ್ಟೆ ನೂರಕ್ಕೆ ನಾಲ್ಕರಷ್ಟು ಕುಗ್ಗಿ ಆ 77 ಈಗ 74ಕ್ಕೆ ಇಳಿದಿದೆ. 4 ಇಂಚು ಕೊರತೆಯನ್ನು ಯಾವ ಎಲಾಸ್ಟಿಕ್ಕೂ ತುಂಬಿಕೊಡುವುದಿಲ್ಲ.

ಲೆಕ್ಕವನ್ನು ಹೀಗೆ ಇಟ್ಟುಕೊಳ್ಳಿ. ಒಂದು ಪಕ್ಕಕ್ಕೆ ಇಳಿಬೀಳುವ ಬಟ್ಟೆ ಎಂದರೆ ಹಾಸಿಗೆಯ ದಪ್ಪ, ಅಡಿಗೆ ಮಡಚುವ 4 ಇಂಚು, ಎಲಾಸ್ಟಿಕ್ ತೂರಿಸಲು ಅಂಚಿನಲ್ಲಿ ಹೊಲಿಯುವ ಕೊಳವೆಯ ಮಡಿಕೆಗೆ 1 ಇಂಚು. ನಿಮ್ಮದಕ್ಕೆ 6 + 4 + 1 = 11. ಉದ್ದ 78 + 22 = 100, ಅಗಲ 60 + 22 = 82. ಮೂಲೆಯಲ್ಲಿ ತೆಗೆಯುವ ಚೌಕ ಮಾತ್ರ 11 ಅಲ್ಲ, ಹತ್ತೂವರೆ. ಹೊಲಿಗೆ ಅರ್ಧ ಇಂಚು ಒಳಗೆ ಬಿದ್ದಾಗ ಅದು ಸರಿಯಾಗಿ 11ನೇ ಇಂಚಿನ ಮೇಲೆ, ಅಂದರೆ ಹಾಸಿಗೆಯ ಮೂಲೆಯ ಮೇಲೆಯೇ ಕೂರುತ್ತದೆ. ಚೌಕದಿಂದ ಹೊಲಿಗೆಯ ಅರ್ಧ ಇಂಚನ್ನು ಕಳೆಯದೇ ಇರುವುದೇ ಎಲ್ಲರೂ ಮಾಡುವ ತಪ್ಪು. 8 ಇಂಚಿನ ಹಾಸಿಗೆಯಾದರೆ ಪಕ್ಕಕ್ಕೆ 13, ಚೌಕ ಹನ್ನೆರಡೂವರೆ.

ಈಗ ಬಟ್ಟೆ. ಮೊದಲು ನೀರು, ಆಮೇಲೆ ಕತ್ತರಿ. ಇದರಲ್ಲಿ ರಾಜಿ ಬೇಡ. ಅಂಗಡಿಯ ಬಟ್ಟೆಗೆ ಗಂಜಿ ಇರುತ್ತದೆ. ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಬೆಳಿಗ್ಗೆ ನೀವು ಮುಂದೆ ಗವಸನ್ನು ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆಯಿರಿ. ಮಷಿನ್‌ನಲ್ಲಿ ಬಿಸಿನೀರಿಗೆ ಹಾಕುವವರಾದರೆ ಈಗಲೂ ಅದಕ್ಕೇ ಹಾಕಿ. ಪೂರ್ತಿ ಒಣಗುವ ಮೊದಲೇ, ಸ್ವಲ್ಪ ಹಸಿ ಇರುವಾಗ ಇಸ್ತ್ರಿ ಮಾಡಿ. ಕಾಟನ್ ಬಟ್ಟೆ ಸಾಮಾನ್ಯವಾಗಿ ನೂರಕ್ಕೆ 3ರಿಂದ 5 ಕುಗ್ಗುತ್ತದೆ, ಸಡಿಲ ನೇಯ್ಗೆಯ ಕೈಮಗ್ಗದ್ದು ಇನ್ನೂ ಹೆಚ್ಚು. ಹಾಸಿನ ಎಳೆಗಳನ್ನು, ಅಂದರೆ ಉದ್ದಕ್ಕೆ ಹೋಗುವ ಎಳೆಗಳನ್ನು, ಮಗ್ಗದಲ್ಲಿ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನೀರು ಬಿದ್ದಾಗ ಆ ಬಿಗಿ ಬಿಟ್ಟುಹೋಗಿ ಎಳೆ ಹಿಂದಕ್ಕೆ ಸರಿಯುತ್ತದೆ. ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆಗೆ ಅಷ್ಟು ಬಿಗಿ ಇರುವುದಿಲ್ಲ. ಅದಕ್ಕೇ ನಿಮಗೆ ಉದ್ದದಲ್ಲಿ 4 ಇಂಚು, ಅಗಲದಲ್ಲಿ ಒಂದೂವರೆ ಹೋಗಿದೆ.

100 ಇಂಚು ಉಳಿಯಬೇಕಾದರೆ, ನೂರಕ್ಕೆ 5 ಕುಗ್ಗುತ್ತದೆ ಎಂದಿಟ್ಟುಕೊಂಡರೂ, 105 ಇಂಚಿಗೂ ತುಸು ಹೆಚ್ಚು ಬೇಕು. ಅಂಗಡಿಯಲ್ಲಿ ಕತ್ತರಿಸಿದ ತುದಿ ಸೊಟ್ಟಗಿರುವುದೂ ಉಂಟು. 2.75 ಮೀಟರ್ ತನ್ನಿ, ಅದು 108 ಇಂಚು. 90 ಪನ್ನ ಕುಗ್ಗಿದ ಮೇಲೂ 87ರ ಆಸುಪಾಸು ಉಳಿಯುತ್ತದೆ, 82ಕ್ಕೆ ಸಾಕು.

ಪಾಪ್ಲಿನ್ ಆದರೆ ತುದಿಯನ್ನು ಕತ್ತರಿಯಿಂದ ನೇರ ಮಾಡಲು ಹೋಗಬೇಡಿ. ಅಂಚಿನ ಹತ್ತಿರ ಸಣ್ಣ ಗಾಯ ಮಾಡಿ ಹರಿಯಿರಿ, ಹೊಕ್ಕಿನ ಎಳೆ ಹಿಡಿದು ನೇರವಾಗಿ ಹರಿದು ಬರುತ್ತದೆ. ಆಮೇಲೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ. ನಾಲ್ಕೂ ಮೂಲೆ ಒಂದರ ಮೇಲೊಂದು ಬರುತ್ತವೆ. ಹತ್ತೂವರೆ ಇಂಚಿನ ಚೌಕದ ರಟ್ಟು ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಒಟ್ಟಿಗೇ ಕತ್ತರಿಸಿ. ಒಂದೊಂದೇ ಮೂಲೆ ಅಳೆದರೆ ಕಾಲು ಇಂಚಿನ ವ್ಯತ್ಯಾಸ ಬಂದೇ ಬರುತ್ತದೆ.

ಮೂಲೆ ಕೂಡಿಸಲು ಫ್ರೆಂಚ್ ಸೀಮ್ ಒಳ್ಳೆಯದು. ಎಳೆ ಬಿಚ್ಚುವುದಿಲ್ಲ, ಓವರ್‌ಲಾಕ್ ಬೇಡ. ಉಲ್ಟಾ ಮುಖಗಳು ಒಂದಕ್ಕೊಂದು ತಾಗುವಂತೆ ಇಟ್ಟು ಕಾಲು ಇಂಚಿಗೆ ಒಂದು ಹೊಲಿಗೆ. ಹೊರಗೆ ಉಳಿದದ್ದನ್ನು 1/8 ಇಂಚಿಗೆ ಕತ್ತರಿಸಿ. ಬಟ್ಟೆ ತಿರುವಿ, ಉಗುರಿನಿಂದ ಗೀರಿ ಅಂಚು ಚೂಪು ಮಾಡಿ ಮತ್ತೆ ಕಾಲು ಇಂಚಿಗೆ ಇನ್ನೊಂದು ಹೊಲಿಗೆ. ಎರಡೂ ಸೇರಿ ಅರ್ಧ ಇಂಚು, ಲೆಕ್ಕ ಕೆಡುವುದಿಲ್ಲ. ಹೊಲಿಗೆಯ ಒಳತುದಿಯಲ್ಲಿ ಎರಡು ಸಲ ಹಿಂದೆ ಮುಂದೆ ಹೋಗಿ ಭದ್ರ ಮಾಡಿ. ಗವಸು ಹರಿಯಲು ಶುರುವಾಗುವುದು ಅಲ್ಲಿಂದಲೇ.

ಫೋಮ್ ಹಾಸಿಗೆಯ ಮೂಲೆ ಚೂಪಾಗಿರದೆ ದುಂಡಗಿದ್ದರೆ ಗವಸಿನ ಮೂಲೆ ಕಿವಿಯ ಹಾಗೆ ಎದ್ದು ನಿಲ್ಲುತ್ತದೆ. ಹಾಗಿದ್ದಲ್ಲಿ ಮೂಲೆ ಹೊಲಿಗೆಯ ಒಳತುದಿಯ ಎರಡು ಇಂಚನ್ನು ನೇರ ಹೊಲಿಯದೆ, ಕಾಫಿ ಲೋಟದ ಅಂಚಿನಷ್ಟು ಬಾಗು ಕೊಟ್ಟು ಮುಗಿಸಿ.

ಬಾಬಿನ್‌ಕೇಸ್:

ಮೇಲಿನ ಲೆಕ್ಕ ಸರಿಯಾಗಿದೆ. ಎಲಾಸ್ಟಿಕ್ ಬಗ್ಗೆ ನಾನು ಹೇಳುತ್ತೇನೆ.

ಮೂಲೆಗೆ ಮಾತ್ರ ಎಲಾಸ್ಟಿಕ್ ಹಾಕುವ ಪದ್ಧತಿ ಝಿಗ್‌ಝ್ಯಾಗ್ ಮಷಿನ್ ಇರುವವರಿಗೆ. ಎಳೆದು ಹಿಡಿದು ಬಟ್ಟೆಗೆ ನೇರವಾಗಿ ಹೊಲಿಯಬೇಕಲ್ಲ, ನೇರ ಹೊಲಿಗೆ ಹಾಕಿದರೆ ಎಲಾಸ್ಟಿಕ್ ಹಿಗ್ಗಿದಾಗ ದಾರ ಹಿಗ್ಗದೆ ಪಟಪಟನೆ ಕಡಿಯುತ್ತದೆ. ಸೂಜಿ ಚುಚ್ಚಿದಲ್ಲೆಲ್ಲ ಒಳಗಿನ ರಬ್ಬರ್ ಎಳೆಯೂ ತುಂಡಾಗುತ್ತದೆ. ನಿಮ್ಮ ಮಷಿನ್‌ಗೆ ಕೊಳವೆ ಹೊಲಿದು ಸುತ್ತಲೂ ಎಲಾಸ್ಟಿಕ್ ಎಳೆಯುವುದೇ ಸರಿ. ನಾಳೆ ಸಡಿಲವಾದರೆ ಬದಲಿಸಲೂ ಬರುತ್ತದೆ.

ಕೊಳವೆಗೆ ಕಾಲು ಇಂಚು ಮಡಿಸಿ, ಮತ್ತೆ ಮುಕ್ಕಾಲು ಇಂಚು ಮಡಿಸಿ, ಒಳ ಅಂಚಿನ ಮೇಲೆಯೇ ಹೊಲಿಗೆ. ತಲೆಯ ಕಡೆ ನಡುವೆ 2 ಇಂಚು ಬಾಯಿ ಬಿಡಿ. ಅದರೊಳಗೆ ಅರ್ಧ ಇಂಚಿನ, ನೇಯ್ದ ಎಲಾಸ್ಟಿಕ್. ಹೆಣೆದದ್ದು ಬೇಡ. ಗುರುತಿಸುವುದು ಸುಲಭ: ಕೈಯಲ್ಲಿ ಎಳೆದಾಗ ಅಗಲ ಕುಗ್ಗಿ ಸಣ್ಣಗಾದರೆ ಅದು ಹೆಣೆದದ್ದು, ಎಳೆದರೂ ಅಗಲ ಹಾಗೆಯೇ ಇದ್ದರೆ ನೇಯ್ದದ್ದು.

ಎಷ್ಟು ಬೇಕು? ಗವಸಿನ ಸುತ್ತಳತೆ 60 + 78 + 60 + 78 = 276 ಇಂಚು. ಎಲಾಸ್ಟಿಕ್ ಅದರ ಮೂರನೇ ಎರಡು ಪಾಲಿಗಿಂತ ಒಂದಿಷ್ಟು ಹೆಚ್ಚು, 188 ಇಂಚು. ಒಂದರ ಮೇಲೊಂದು ಕೂರಿಸಿ ಹೊಲಿಯಲು ಇನ್ನೊಂದು ಇಂಚು. 5 ಮೀಟರ್ ತಂದರೆ ಸರಿ. ಅಡಿಗೆ 4 ಇಂಚು ಮಡಚಿದಾಗ ಬಾಯಿಯ ಸುತ್ತಳತೆ 244 ಆಗುತ್ತದೆ, ಅಂದರೆ 188ರ ಎಲಾಸ್ಟಿಕ್ ಹಾಸಿಗೆಯ ಮೇಲಿರುವಾಗ ಸುಮಾರು ಮೂರನೇ ಒಂದರಷ್ಟು ಹಿಗ್ಗಿ ನಿಂತಿರುತ್ತದೆ. ಬಿಗಿಯಾಗಲಿ ಎಂದು 150 ಇಂಚು ಹಾಕುವವರಿದ್ದಾರೆ. ಆಗ ಎಲಾಸ್ಟಿಕ್ ಸದಾ ತುಂಬ ಎಳೆದುಕೊಂಡೇ ಇದ್ದು ಬೇಗ ಸೋಲುತ್ತದೆ, ತೆಳು ಫೋಮ್ ಹಾಸಿಗೆಯಾದರೆ ಅಂಚು ಮೇಲಕ್ಕೆ ಬಾಗುತ್ತದೆ.

ಎಳೆಯುವ ಮೊದಲು ಎಲಾಸ್ಟಿಕ್ ಮೇಲೆ ಪೆನ್ನಿನಿಂದ 41, 53, 41, 53 ಇಂಚಿಗೆ ಗುರುತು ಹಾಕಿ. 41 ಅಗಲದ ಪಾಲು, 53 ಉದ್ದದ ಪಾಲು. ಬಾಯಿ ಇರುವುದು ತಲೆಯ ಕಡೆಯ ನಡುವೆಯಾದ್ದರಿಂದ ಮೊದಲ ಗುರುತನ್ನು ಇಪ್ಪತ್ತೂವರೆಗೆ ಹಾಕಿ ಅಲ್ಲಿಂದ ಎಣಿಸಿ. ದೊಡ್ಡ ಸೇಫ್ಟಿ ಪಿನ್ನು ಸಿಕ್ಕಿಸಿ ಎಳೆದು, ಪ್ರತಿ ಗುರುತೂ ಮೂಲೆಯ ಹೊಲಿಗೆಗೆ ಬರುವಂತೆ ಸರಿಹೊಂದಿಸಿ, ಅಲ್ಲಿ ಕೊಳವೆಗೆ ಅಡ್ಡಲಾಗಿ ಒಂದು ಹೊಲಿಗೆ ಹಾಕಿಬಿಡಿ. ಇದನ್ನು ಮಾಡದಿದ್ದರೆ ನಾಲ್ಕಾರು ಒಗೆತದಲ್ಲಿ ನೆರಿಗೆಯೆಲ್ಲ ಒಂದೇ ಕಡೆ ಸೇರಿಕೊಳ್ಳುತ್ತದೆ.

ಸೂಜಿ 14 ಸಾಕು. ಫ್ರೆಂಚ್ ಸೀಮ್ ಮೇಲೆ ಕೊಳವೆ ಮಡಚುವ ಜಾಗದಲ್ಲಿ ಬಟ್ಟೆ ಹತ್ತಾರು ಪದರ ಆಗುತ್ತದೆ. ಅಲ್ಲಿ ಪೆಡಲ್ ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ ದಾಟಿಸಿ, ಇಲ್ಲವಾದರೆ 16ನೇ ಸೂಜಿ ಹಾಕಿಕೊಳ್ಳಿ. ಹೊಲಿಗೆ ಅಲ್ಲಿ ಹಾರುತ್ತಿದ್ದರೆ ತಪ್ಪು ದಾರದ್ದಲ್ಲ, ಬಟ್ಟೆಯ ದಪ್ಪಕ್ಕೆ ಸೂಜಿ ಬಾಗುತ್ತಿದೆ ಎಂದರ್ಥ.

ಧಾರವಾಡ_ಗಾದಿ:

ನೀವು ಹೇಳಿದ್ದೆಲ್ಲಾ ಫೋಮ್ ಗಾದಿಗೆ ಬರೋಬ್ಬರಿ ಐತ್ರಿ. ಹತ್ತಿ ಗಾದಿ ಇದ್ದವರು ಓದಿ ಹಂಗಽ ಕತ್ತರಸಬಾರದು ಅಂತ ಬರೀಲಿಕ್ಕತ್ತೇನಿ. ಹತ್ತಿ ಗಾದಿಯ ದಪ್ಪ ಎಲ್ಲಾ ಕಡೆ ಒಂದಽ ಇರಂಗಿಲ್ಲ. ನಡು 5 ಇಂಚು ಇದ್ರ ಅಂಚಿಗೆ 3 ಇರ್ತದ. ಟೇಪು ನಿಲ್ಲಿಸಿ ದಪ್ಪ ಅಳೀಬ್ಯಾಡ್ರಿ. ಒಂದು ಬದಿಯ ಕೆಳಗಿನ ಅಂಚಿನಿಂದ ಮ್ಯಾಲೆ ಹತ್ತಿ, ಗಾದಿ ದಾಟಿ, ಆ ಬದಿಯ ಕೆಳಗಿನ ಅಂಚಿನ ತನಕ ಟೇಪು ಹಾಯಿಸ್ರಿ. ಉದ್ದಕ್ಕ ಮೂರು ಕಡೆ, ಅಗಲಕ್ಕ ಮೂರು ಕಡೆ ಅಳೆದು ದೊಡ್ಡ ಅಂಕಿ ತಗೊಂಡು, ಅದಕ್ಕ 1 ಇಂಚು ಸಡಿಲು ಕೂಡಿಸ್ರಿ. ಬಿಸಿಲಿಗೆ ಹಾಕಿದ ಮ್ಯಾಲೆ ಹತ್ತಿ ಉಬ್ಬತದ, ಅದಕ್ಕಽ ಬಿಸಿಲಿಗೆ ಹಾಕಿ ತಂದ ದಿನಾನಽ ಅಳೀಬೇಕು.

ಹತ್ತಿ ಗಾದಿಗೆ ಎಲಾಸ್ಟಿಕ್ ಬಿಗಿದ್ರ ಅಂಚು ಮಡಚಿ ಗಾದಿ ದೋಣಿ ಆಗ್ತದ. ಅದೇ ಕೊಳವಿಯೊಳಗ ಲಂಗಕ್ಕ ಹಾಕೋ ಲಾಡಿ ಹಾಕ್ರಿ. 78 × 60ಕ್ಕ ಏಳೂವರೆ ಮೀಟರ್ ಲಾಡಿ, ಬಾಯಿ ಕಾಲಿನ ಕಡೆ. ಗವಸು ತೊಡಿಸಿ, ಬೇಕಾದಷ್ಟಽ ಎಳೆದು ಗಂಟು ಹಾಕಿ ಅಡಿಗೆ ಸೇರಿಸ್ರಿ. ಒಗಿಯೋ ಮುಂದ ಲಾಡಿ ಪೂರ್ತಿ ಬಿಚ್ಚಿಟ್ರ ಗವಸು ಇಸ್ತ್ರಿಗೂ ಹಗುರ.

ಧೂಳಿಗಂತ ಪೂರ್ತಿ ಗವಸು ಬೇಕಾದ್ರ ಚೈನು ಹಾಕಬೇಕಾಗ್ತದ. 5 ನಂಬರಿನ ರೋಲ್ ಚೈನು, ರನ್ನರ್ ಎರಡು. ಒಂದು ಉದ್ದನ್ನ ಬದಿ ಪೂರ್ತಿ, ಕಾಲಿನ ಕಡೆಗೂ ಒಂದು ಮೊಳ ತಿರುಗಿಸ್ರಿ. ಬರೀ ಸಣ್ಣ ಬದಿಗೆ ಹಚ್ಚಿದ್ರ ಹತ್ತಿ ಗಾದಿ ಒಳಗ ತುರುಕೂದು ಇಬ್ಬರ ಕೆಲಸ ಆಗ್ತದ. ಒಂದು ಮಾತು: ಚೈನಿನ ಪಟ್ಟಿ ಕುಗ್ಗಂಗಿಲ್ಲ, ಬಟ್ಟಿ ಕುಗ್ಗತದ. ಒಗಿಲಾರದ ಬಟ್ಟಿಗೆ ಹಚ್ಚಿದ್ರ ಮೊದಲನೇ ಒಗೆತಕ್ಕಽ ಚೈನು ಹಾವಿನಂಗ ಸೊಟ್ಟ ಆಗಿ ರನ್ನರ್ ಸಿಕ್ಕೊಳ್ತದ.

ಹೊಸಸೂಜಿ:

ಎಲ್ಲರಿಗೂ ಧನ್ಯವಾದ. ಚೌಕದಿಂದ ಅರ್ಧ ಇಂಚು ಕಳೆಯಬೇಕೆಂಬುದು ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಈಗ ಹೊಲಿದಿರುವುದನ್ನು ಉಳಿಸಿಕೊಳ್ಳಬಹುದೇ? ಇಷ್ಟವಾದ ಬಣ್ಣದ ಬಟ್ಟೆ 44 ಪನ್ನದಲ್ಲಿ ಮಾತ್ರ ಸಿಕ್ಕರೆ ಜೋಡಿಸುವುದು ಎಲ್ಲಿ?

ದಾರದುಂಡೆ:

ಉಳಿಸಬಹುದು. ಸುತ್ತ ಪಟ್ಟಿ ಕೂಡಿಸಿ ಪ್ರಯೋಜನವಿಲ್ಲ, ಏಕೆಂದರೆ ಕೊರತೆ ಇರುವುದು ಮೂಲೆಯಿಂದ ಮೂಲೆಗೆ, ಇಳಿಬೀಳುವ ಭಾಗದಲ್ಲಲ್ಲ. ಮೇಲ್ಭಾಗದ ನಡುವೆಯೇ ಪಟ್ಟಿ ಸೇರಬೇಕು. ಉದ್ದಕ್ಕೆ ನಾಲ್ಕೂವರೆ ಇಂಚು ಹೆಚ್ಚಿಸಬೇಕಾದರೆ ಪಟ್ಟಿಯ ಅಗಲ ಆರೂವರೆ ಇರಬೇಕು. ಎರಡು ಜೋಡಣೆಯಲ್ಲಿ ಪಟ್ಟಿ 1 ಇಂಚು ಕಳೆದುಕೊಳ್ಳುತ್ತದೆ, ಕತ್ತರಿಸಿದ ಗವಸಿನ ಎರಡು ಅಂಚುಗಳೂ ಸೇರಿ ಇನ್ನೊಂದು ಇಂಚು. ಈ ಎರಡನೇ ಇಂಚನ್ನು ಮರೆತರೆ ಮತ್ತೆ ಗಿಡ್ಡವೇ. ಅಗಲಕ್ಕೆ ಎರಡೂವರೆ ಹೆಚ್ಚಿಸಲು ನಾಲ್ಕೂವರೆ ಇಂಚಿನ ಪಟ್ಟಿ.

ಅಡ್ಡ ಪಟ್ಟಿಯನ್ನು ತಲೆಯ ಕಡೆಯ ಅಂಚಿನಿಂದ ಒಳಕ್ಕೆ ಸುಮಾರು 8 ಇಂಚಿನಲ್ಲಿ ಸೇರಿಸಿ, ದಿಂಬಿನ ಅಡಿಗೆ ಮರೆಯಾಗುತ್ತದೆ. ಉದ್ದ ಪಟ್ಟಿಯನ್ನು ಗೋಡೆಯ ಕಡೆಗೆ ಬರುವಂತೆ ಹಾಕಿ. ಗವಸನ್ನು ಮಡಿಕೆಯ ಅಂಚಿನಿಂದ ಆ ಕಡೆಯ ಅಂಚಿನವರೆಗೆ ಪೂರ್ತಿ ಕತ್ತರಿಸಬೇಕು. ಪಟ್ಟಿಯ ಬಟ್ಟೆಯನ್ನೂ ಮೊದಲು ಒಗೆದಿರಬೇಕು. ಆಮೇಲೆ ಸುತ್ತಲಿನ ಮಡಿಕೆ ಬಿಚ್ಚಿ, ಬಾಬಿನ್‌ಕೇಸ್ ಅವರು ಹೇಳಿದ ಹಾಗೆ ಕೊಳವೆ ಹೊಲಿಯಿರಿ. ಅಡಿಗೆ ಮಡಚಲು ನಿಮಗೆ ಸಿಗುವುದು ಮೂರು ಇಂಚಿನಷ್ಟು ಮಾತ್ರ. ಸುತ್ತ ಎಲಾಸ್ಟಿಕ್ ಇದ್ದರೆ ಅದು ನಡೆಯುತ್ತದೆ, ಮೂಲೆಗೆ ಮಾತ್ರ ಇದ್ದರೆ ನಡೆಯುವುದಿಲ್ಲ.

44 ಪನ್ನದ ವಿಷಯ. 5.5 ಮೀಟರ್ ತಂದು, ಒಗೆದು, ಎರಡು ಸಮ ತುಂಡು ಮಾಡಿ. ಕುಗ್ಗಿದ ಮೇಲೆ ಒಂದೊಂದು 43 ಇಂಚು ಉಳಿಯುತ್ತದೆ. ಇಬ್ಬರು ಮಲಗುವ ಹಾಸಿಗೆಯಾದರೆ ನಟ್ಟನಡುವೆ ಒಂದೇ ಜೋಡಣೆ ಸಾಕು, ಅದು ಇಬ್ಬರ ನಡುವಿನ ಜಾಗಕ್ಕೆ ಬರುತ್ತದೆ. ಒಬ್ಬರೇ ಮಲಗುವುದಾದರೆ ಒಂದು ತುಂಡನ್ನು ನಡುವಿಗಿಟ್ಟು, ಇನ್ನೊಂದನ್ನು ಉದ್ದಕ್ಕೆ ಸೀಳಿ ಎರಡೂ ಬದಿಗೆ ಸೇರಿಸಿ. ಆಗ ಜೋಡಣೆ ಹಾಸಿಗೆಯ ಅಂಚಿನಿಂದ 9 ಇಂಚು ಒಳಗೆ ಬೀಳುತ್ತದೆ, ಬೆನ್ನಿಗೆ ಸಿಗುವುದಿಲ್ಲ. ಇಲ್ಲಿ ಫ್ರೆಂಚ್ ಸೀಮ್ ಬೇಡ, ಅದರ ಏಣು ಚರ್ಮಕ್ಕೆ ತಾಗುತ್ತದೆ. ಶರ್ಟಿನ ಪಕ್ಕಕ್ಕೆ ಹಾಕುವ ರನ್ ಅಂಡ್ ಫೆಲ್ (ಒಂದು ಅಂಚನ್ನು ಇನ್ನೊಂದರ ಮೇಲೆ ಮಡಿಸಿ ಒತ್ತಿ ಹೊಲಿಯುವುದು) ಹಾಕಿ ಚಪ್ಪಟೆ ಮಾಡಿ.

ಸೀರೆಯಂಚು:

44 ಪನ್ನದ 5.5 ಮೀಟರ್ ಅಂದರೆ ಒಂದು ಕಾಟನ್ ಸೀರೆಯ ಅಳತೆಯೇ ಅಲ್ಲವೇ! ಈಗ ಉಡದೆ ಬೀರುವಿನಲ್ಲಿಟ್ಟಿರುವ ಹಳೆಯ ಸೀರೆ ಇದ್ದರೆ ಹೊಸ ಬಟ್ಟೆ ಏಕೆ ತರಬೇಕು? ಹತ್ತಾರು ಸಲ ನೀರು ಕಂಡಿರುವ ಸೀರೆ ಇನ್ನು ಕುಗ್ಗುವುದಿಲ್ಲ, ಮೈಗೂ ಮೆತ್ತಗೆ. ಮೊದಲು ಫಾಲ್ ಬಿಚ್ಚಿ. ಆಮೇಲೆ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನೆರಿಗೆ ಬರುತ್ತಿದ್ದ ಜಾಗ, ಸೊಂಟಕ್ಕೆ ಸಿಕ್ಕಿಸುತ್ತಿದ್ದ ಜಾಗ ತೆಳುವಾಗಿ ಜಾಲರಿಯಂತೆ ಕಂಡರೆ ಆ ಭಾಗ ಹಾಸಿಗೆಯ ಮೇಲ್ಭಾಗಕ್ಕೆ ಬರಬಾರದು, ಮೊದಲು ಹರಿಯುವುದು ಅದೇ. ಎರಡು ತುಂಡು ಜೋಡಿಸುವಾಗ ಎರಡರದ್ದೂ ಅಂಚು ಹೊರಬದಿಗೆ ಬರುವಂತೆ ತಿರುಗಿಸಿಟ್ಟರೆ ಹಾಸಿಗೆಯ ಎರಡೂ ಪಕ್ಕದಲ್ಲಿ ಬಣ್ಣದ ಅಂಚು ಇಳಿಬೀಳುತ್ತದೆ. ಜರಿ ಇದ್ದರೆ ಮಾತ್ರ ಅದನ್ನು ಕತ್ತರಿಸಿ ತೆಗೆಯಿರಿ, ಕೊಳವೆಯೊಳಗೆ ಎಲಾಸ್ಟಿಕ್‌ಗೆ ಉಜ್ಜಿ ಎಳೆ ಕಿತ್ತು ಬರುತ್ತದೆ.

ವಿದೇಶದಲ್ಲಿರುವವರಿಗೆ ಒಂದು ಸೂಚನೆ. ಅಮೆರಿಕದ ಕ್ವೀನ್ ಹಾಸಿಗೆ 80 × 60, ನಮ್ಮ ಕ್ವೀನ್ 78 × 60. ಬ್ರಿಟನ್‌ನಲ್ಲಿ ಇದೇ 78 × 60ಕ್ಕೆ ಕಿಂಗ್ ಎನ್ನುತ್ತಾರೆ. ಅಂತರ್ಜಾಲದ ಅಮೆರಿಕನ್ ಪ್ಯಾಟರ್ನ್ ಹಿಡಿದು ಊರಿನ ಹಾಸಿಗೆಗೆ ಹೊಲಿದರೆ 2 ಇಂಚು ಜೋಲುತ್ತದೆ. ಹೆಸರು ನೋಡಬೇಡಿ, ಟೇಪು ಹಿಡಿಯಿರಿ.

ಬಾಬಿನ್‌ಕೇಸ್:

ಒಂದು ಬಿಟ್ಟುಹೋಯಿತು. ಕೊಳವೆಯಲ್ಲಿ ಬಿಟ್ಟ 2 ಇಂಚಿನ ಬಾಯಿಯನ್ನು ಮಷಿನ್‌ನಲ್ಲಿ ಮುಚ್ಚಬೇಡಿ, ಕೈಹೊಲಿಗೆಯಲ್ಲಿ ಸಡಿಲವಾಗಿ ನಾಲ್ಕು ಟಾಕು ಹಾಕಿ. ಒಗೆದ ಗವಸನ್ನು ಬಿಸಿಲಿಗೆ ಹಾಕುವಾಗ ಉಲ್ಟಾ ಮಾಡಿ, ಕೊಳವೆ ನೆರಳಿಗೆ ಬರುವಂತೆ ತಂತಿಯ ಮೇಲೆ ಮಡಚಿ ಹಾಕಿ. ರಬ್ಬರಿಗೆ ಬಿಸಿಲು, ಇಸ್ತ್ರಿಯ ಕಾವು ಎರಡೂ ಆಗದು. ಎಲಾಸ್ಟಿಕ್ ಸೋತಾಗ ಹಳೆಯದರ ತುದಿಗೆ ಹೊಸದನ್ನು ಹೊಲಿದು, ಮೂಲೆಯ ಅಡ್ಡ ಹೊಲಿಗೆ ಬಿಚ್ಚಿ ಎಳೆದುಕೊಂಡರೆ ಪಿನ್ನು ಹಾಯಿಸುವ ಕೆಲಸವೂ ಇರುವುದಿಲ್ಲ.